ಹಿಂದಕ್ಕೆ ಓಡುವ ಗಡಿಯಾರದ ಆಟ: ಓದುಗರ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ಅಮೆರಿಕದ ಕಾಲೇಜು ಹುಡುಗರ ಫುಟ್‌ಬಾಲ್ ಫೈನಲ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೊಸ ಓದುಗರಿಗೆ ಒಂದು ಮಾತು. ನಾನು ಬೆಂಗಳೂರಿನ ಹಲಸೂರಿನವನು. ಕಾಲೇಜು ಟೀಮಿನಲ್ಲಿ ಗೋಲಿಯಾಗಿದ್ದೆ. ಹದಿನೆಂಟು ವರ್ಷದಿಂದ ನಾರ್ತ್ ಕ್ಯಾರೊಲಿನಾದ ಕ್ಯಾರಿ ಅನ್ನೋ ಊರಿನಲ್ಲಿದ್ದೇನೆ. ನಮ್ಮ ಕಡೆಯವರು ತುಂಬಾ ಇರುವ ಊರು. ಹತ್ತು ಸಾವಿರ ಜನ ಕೂರುವ ಒಂದು ಫುಟ್‌ಬಾಲ್ ಮೈದಾನ ಇಲ್ಲಿದೆ. ಈ ಚಾಂಪಿಯನ್‌ಶಿಪ್‌ನ ಕೊನೆಯ ಆಟಗಳು ಹಲವು ವರ್ಷ ಅಲ್ಲೇ ನಡೆದಿವೆ. ನಮ್ಮ ಮನೆಯಿಂದ ಕಾರಿನಲ್ಲಿ ಹತ್ತೇ ನಿಮಿಷ.

*

ಪ್ರಶ್ನೆ: ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ಕೈಯಲ್ಲಿ ಚೆಂಡು ಹಿಡಿದು ಓಡೋದು ಅಲ್ವಾ? ನೀವು ಬರೆದದ್ದು ಯಾವ ಆಟದ ಬಗ್ಗೆ? ಟೂರ್ನಮೆಂಟ್ ಹೇಗೆ ನಡೆಯುತ್ತದೆ?
— ಶಿವಮೊಗ್ಗದ ಓದುಗರು

ನಾನು ಬರೆದದ್ದು ನಮ್ಮ ಕಾಲ್ಚೆಂಡಿನ ಬಗ್ಗೆಯೇ. ಇಲ್ಲಿ ಅದಕ್ಕೆ ಸಾಕರ್ ಅಂತಾರೆ. ಕಾಲೇಜು ಆಟಗಳನ್ನೆಲ್ಲ ನಡೆಸುವುದು ಎನ್‌ಸಿಎಎ ಅನ್ನೋ ಸಂಸ್ಥೆ. ಗಂಡುಮಕ್ಕಳ ಸಾಕರ್ ಚಾಂಪಿಯನ್‌ಶಿಪ್ ಶುರುವಾದದ್ದು 1959ರಲ್ಲಿ. ಮೊದಲ ಕಪ್ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಒಟ್ಟು ಹತ್ತು ಸಲ ಗೆದ್ದ ಅವರೇ ಇವತ್ತಿಗೂ ಮುಂದಿದ್ದಾರೆ. ಆದರೆ ಅವರ ಕೊನೆಯ ಗೆಲುವು 1973ರದ್ದು. ಎಂಟು ಸಲ ಗೆದ್ದ ಇಂಡಿಯಾನಾ ಅವರ ಹಿಂದೆಯೇ ಇದೆ.

ಎನ್‌ಸಿಎಎ ಕಾಲೇಜುಗಳಲ್ಲಿ ಮೂರು ದರ್ಜೆ. ಮೇಲಿನ ದರ್ಜೆಯಲ್ಲಿ ಇನ್ನೂರಕ್ಕೂ ಹೆಚ್ಚು ಟೀಮುಗಳು ಆಗಸ್ಟ್ ಕೊನೆಯಿಂದ ಆಡುತ್ತವೆ. ನವೆಂಬರ್‌ನಲ್ಲಿ 48 ಟೀಮುಗಳನ್ನು ಆರಿಸುತ್ತಾರೆ. ತಮ್ಮ ತಮ್ಮ ಗುಂಪಿನಲ್ಲಿ ಗೆದ್ದವರಿಗೆ ನೇರ ಜಾಗ. ಉಳಿದವರನ್ನು ಒಂದು ಸಮಿತಿ ಆರಿಸುತ್ತದೆ. ಅದರಲ್ಲಿ 16 ಟೀಮುಗಳಿಗೆ ಶ್ರೇಯಾಂಕ ಕೊಡುತ್ತಾರೆ, ಅವರು ಮೊದಲ ಸುತ್ತು ಆಡಬೇಕಾಗಿಲ್ಲ. ಆಮೇಲೆ ಎಲ್ಲವೂ ನಾಕೌಟ್. ಶ್ರೇಯಾಂಕ ಇದ್ದವರು ಐದು ಆಟ ಗೆಲ್ಲಬೇಕು, ಇಲ್ಲದವರು ಆರು. ಒಂದು ಸೋತರೂ ಮನೆಗೆ. ಕೊನೆಯ ನಾಲ್ಕು ಟೀಮುಗಳ ಹಂತಕ್ಕೆ ಕಾಲೇಜ್ ಕಪ್ ಅಂತ ಹೆಸರು. ಅದು ಡಿಸೆಂಬರ್‌ನಲ್ಲಿ, ಒಂದೇ ಊರಿನಲ್ಲಿ.

*

ಪ್ರಶ್ನೆ: ಅಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತದೆ ಅಂತ ಬರೆದಿದ್ದೀರಿ. ನಿಜಾನಾ?
— ತುಮಕೂರಿನ ಬಿ.ಎಸ್ಸಿ. ವಿದ್ಯಾರ್ಥಿ

ನಿಜ ತಮ್ಮಾ. ನಾವು ಆಡುವಾಗ ವಾಚು ರೆಫ್ರಿಯ ಕೈಯಲ್ಲಿ. ತೊಂಬತ್ತು ನಿಮಿಷ ಆದಮೇಲೆ ಎಷ್ಟು ಸೇರಿಸುತ್ತಾನೋ ಅವನಿಗೇ ಗೊತ್ತು. ಇಲ್ಲಿ ಸ್ಕೋರ್‌ಬೋರ್ಡ್‌ನಲ್ಲಿರೋದೇ ಲೆಕ್ಕ. 45:00ರಿಂದ ಶುರುವಾಗಿ ಸೊನ್ನೆಗೆ ಇಳಿಯುತ್ತದೆ. ಗೋಲು ಆದರೆ, ಕಾರ್ಡು ತೋರಿಸಿದರೆ, ರೆಫ್ರಿ ಕೈ ಎತ್ತಿದರೆ ಗಡಿಯಾರ ನಿಲ್ಲುತ್ತದೆ. ಕೊನೆಯ ಹತ್ತು ಸೆಕೆಂಡನ್ನು ಮೈಕಿನಲ್ಲಿ ಎಣಿಸುತ್ತಾರೆ. ಆಮೇಲೆ ಕಾರ್ಖಾನೆ ಸೈರನ್ ಥರ ಒಂದು ಹಾರ್ನ್. ಅಷ್ಟೇ, ಮುಗಿಯಿತು.

ನನಗೆ ಮೊದಮೊದಲು ಇದು ಒಗ್ಗಲೇ ಇಲ್ಲ. ಚೆಂಡು ಗಾಳಿಯಲ್ಲಿದ್ದಾಗ ಹಾರ್ನ್ ಆದರೆ ಅದು ಗೆರೆ ದಾಟಿದರೂ ಗೋಲಲ್ಲ. ಈಗ ಒಂದಂತೂ ಒಪ್ಪುತ್ತೇನೆ. ಸೋಲುತ್ತಿರುವ ಟೀಮಿನ ಹುಡುಗನಿಗೆ ಇನ್ನೆಷ್ಟು ಉಳಿದಿದೆ ಅಂತ ಕಣ್ಣೆದುರೇ ಕಾಣುತ್ತದೆ. 0:09 ಇರುವಾಗ ಗೋಲಿ ತನ್ನ ಗೋಲು ಬಿಟ್ಟು ಎದುರಿನ ಬಾಕ್ಸಿಗೆ ಓಡಿಬರೋದನ್ನು ನೋಡಬೇಕು ನೀನು.

ಇನ್ನೊಂದು ವ್ಯತ್ಯಾಸ ಇದೆ. ಹೊರಗೆ ಹೋದ ಆಟಗಾರ ಮತ್ತೆ ಒಳಗೆ ಬರಬಹುದು, ಅದಕ್ಕೂ ಮಿತಿ ಇದೆ. ವಾರಕ್ಕೆ ಎರಡೆರಡು ಆಟ ಆಡುವ ಓದೋ ಹುಡುಗರು ಅವರು. ಕಾಲು ಉಳಿಯಬೇಕಲ್ಲ.

*

ಪ್ರಶ್ನೆ: ನಮ್ಮ ಕಾಲದಲ್ಲಿ ಇಂಟರ್ ಕಾಲೇಜು ಫುಟ್‌ಬಾಲ್ ಅಂದರೆ ಬೆಂಗಳೂರಿನಲ್ಲಿ ಹಬ್ಬ. ಆ ಅಮೆರಿಕದ ಟೂರ್ನಮೆಂಟಿಗೂ ನಮ್ಮ ಯೂನಿವರ್ಸಿಟಿ ಟೂರ್ನಮೆಂಟಿಗೂ ಏನು ವ್ಯತ್ಯಾಸ? ಅಲ್ಲಿ ನಡೆದ ಅತಿ ಉದ್ದದ ಆಟ ಯಾವುದು?
— ಗೌತಮಪುರದ ಹಿರಿಯರು, ಬೆಂಗಳೂರು

ಸಾರ್, ಗೌತಮಪುರದಿಂದ ಪತ್ರ ಬಂದಿದೆ ಅಂತ ನೋಡಿದ ತಕ್ಷಣ ಖುಷಿಯಾಯಿತು. ಪೆಲೆ ಪ್ರತಿಮೆ ಇಟ್ಟುಕೊಂಡಿರುವ ಬಡಾವಣೆ ನಿಮ್ಮದು. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ಟೀಮು ಮುಂಬೈಗೆ ಹೋಗಿ ರೋವರ್ಸ್ ಕಪ್ ತಂದ ಊರು ನಮ್ಮದು. ಹುಡುಗರ ಆಟಕ್ಕೆ ಜನ ಸೇರುವುದು ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ವ್ಯತ್ಯಾಸ ಹೀಗಿದೆ. ನಮ್ಮಲ್ಲಿ ಮೊದಲು ಕಾಲೇಜುಗಳು ಆಡುತ್ತವೆ. ಅದರಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ಯೂನಿವರ್ಸಿಟಿ ಟೀಮು ಕಟ್ಟುತ್ತಾರೆ. ಆಮೇಲೆ ದಕ್ಷಿಣ ವಲಯ, ಆಮೇಲೆ ಅಖಿಲ ಭಾರತ, ಸರ್ ಆಶುತೋಷ್ ಮುಖರ್ಜಿ ಟ್ರೋಫಿ. ಟೀಮು ಒಟ್ಟಿಗೆ ಇರುವುದು ಕೆಲವೇ ವಾರ. ನಾನು ಸೆಲೆಕ್ಷನ್ ಟ್ರಯಲ್ಸ್‌ಗೆ ಹೋಗಿದ್ದಾಗ ನನ್ನ ಮುಂದೆ ನಿಂತ ಬ್ಯಾಕ್‌ಗಳ ಹೆಸರೂ ನನಗೆ ಗೊತ್ತಿರಲಿಲ್ಲ. ಇಲ್ಲಿ ವಿಶ್ವವಿದ್ಯಾಲಯಕ್ಕೆ ಒಂದೇ ಟೀಮು. ಅದೇ ಹುಡುಗರು ನಾಲ್ಕು ವರ್ಷ ಒಂದೇ ಹಾಸ್ಟೆಲು, ಒಂದೇ ಮೆಸ್ಸು. ಗೋಲಿ ಕೂಗುವುದಕ್ಕಿಂತ ಮುಂಚೆ ಬ್ಯಾಕ್ ತಿರುಗಿರುತ್ತಾನೆ. ನನಗೆ ಹೊಟ್ಟೆಕಿಚ್ಚು ಆಗುವುದು ಇದೊಂದಕ್ಕೇ.

ಉದ್ದದ ಆಟ ಅಂದರೆ 1985ರ ಫೈನಲ್ಲೇ ಸಾರ್. ಸಿಯಾಟಲ್‌ನ ಕಿಂಗ್‌ಡೋಮ್ ಅನ್ನೋ ಛಾವಣಿ ಇದ್ದ ಮೈದಾನ. ಯುಸಿಎಲ್ಎ ಮತ್ತು ಅಮೆರಿಕನ್ ಯೂನಿವರ್ಸಿಟಿ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅವಧಿ ಒಂದಾಯಿತು, ಎರಡಾಯಿತು, ಹಾಗೇ ಎಂಟನೆಯದಕ್ಕೆ ಬಂತು. ಅಲ್ಲಿ ಯುಸಿಎಲ್ಎ ಒಂದು ಗೋಲು ಹಾಕಿ ಗೆದ್ದಿತು. ಈಗ ಹಾಗೆ ಬಿಡುವುದಿಲ್ಲ. ಹತ್ತು ಹತ್ತು ನಿಮಿಷದ ಎರಡು ಅವಧಿ, ಆಮೇಲೆ ಟೈಬ್ರೇಕರ್. ಇನ್ನೂ ಹಿಂದೆ ಕಪ್ ಹಂಚಿಕೊಟ್ಟದ್ದೂ ಇದೆ. 1967ರಲ್ಲಿ ಹವಾಮಾನ ಕೆಟ್ಟು ಫೈನಲ್ ಅರ್ಧಕ್ಕೇ ನಿಂತಿತು. ಮಿಷಿಗನ್ ಸ್ಟೇಟ್, ಸೇಂಟ್ ಲೂಯಿಸ್ ಇಬ್ಬರಿಗೂ ಕಪ್. 1968ರಲ್ಲೂ, 1989ರಲ್ಲೂ ಫೈನಲ್ ಸಮವಾಗಿ ಮುಗಿದು ಆಡಿದ ಇಬ್ಬರಿಗೂ ಕಪ್ ಹಂಚಿದರು.

*

ಪ್ರಶ್ನೆ: ನನ್ನ ಮಗ ಸೆಕೆಂಡ್ ಪಿಯುಸಿ. ಜಿಲ್ಲಾ ಟೀಮಿಗೆ ಆಡುತ್ತಾನೆ. ಅಮೆರಿಕದ ಕಾಲೇಜಿನಲ್ಲಿ ಫುಟ್‌ಬಾಲ್ ಕೋಟಾದಲ್ಲಿ ಪೂರ್ತಿ ಸ್ಕಾಲರ್‌ಶಿಪ್ ಗ್ಯಾರಂಟಿ ಕೊಡಿಸುತ್ತೇನೆ, ಮೊದಲು ನಾಲ್ಕು ಲಕ್ಷ ಕಟ್ಟಿ ಅಂತ ಒಬ್ಬರು ಹೇಳುತ್ತಿದ್ದಾರೆ. ನಮ್ಮ ಮನೆಯವರು ಚಿನ್ನ ಅಡ ಇಡೋಣ ಅಂತಿದ್ದಾರೆ. ಏನು ಮಾಡಲಿ?
— ಒಬ್ಬ ತಾಯಿ, ದಾವಣಗೆರೆ

ಚಿನ್ನ ಅಡ ಇಡಬೇಡಿ. ಉಳಿದದ್ದು ಆಮೇಲೆ ಹೇಳುತ್ತೇನೆ, ಮೊದಲು ಇದು. ಈ ಪತ್ರ ಓದಿದ ದಿನವೇ ನಿಮಗೆ ಬೇರೆಯಾಗಿ ಉತ್ತರ ಬರೆದು ಕಳಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಿಮ್ಮಂಥ ಬೇರೆ ತಾಯಂದಿರಿಗೋಸ್ಕರ.

ನನ್ನ ಅಕ್ಕನ ಮಗನಿಗೆ ಹೀಗೇ ಆಯಿತು. ಹೋಟೆಲಿನಲ್ಲಿ ಕೂರಿಸಿ, ಬಣ್ಣಬಣ್ಣದ ಪುಸ್ತಕ ತೋರಿಸಿ, ದುಡ್ಡು ತೆಗೆದುಕೊಂಡರು. ಆರು ತಿಂಗಳಾದ ಮೇಲೆ ಒಂದು ಕಾಲೇಜಿನ ಅಡ್ಮಿಶನ್ ಪತ್ರ ಬಂತು. ಹುಡುಗ ಅದನ್ನು ನನಗೆ ಕಳಿಸಿ, "ಮಾಮ, ಟೀಮಿಗೆ ಸೇರಿದೆ" ಅಂದ. ನಾನು ಆ ಕಾಲೇಜಿನ ಕೋಚ್‌ಗೆ ಮೇಲ್ ಹಾಕಿದೆ. ಅವರು ಈ ಹುಡುಗನ ಹೆಸರೇ ಕೇಳಿರಲಿಲ್ಲ. ಅದು ಯಾರು ಬೇಕಾದರೂ ಫೀಸು ಕಟ್ಟಿ ಸೇರಬಹುದಾದ ಸಾಮಾನ್ಯ ಸೀಟು. ಇದನ್ನು ಅವನಿಗೆ ಫೋನಿನಲ್ಲಿ ಹೇಳಬೇಕಾಗಿ ಬಂದದ್ದು ನಾನೇ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರಿ ಮಾಮ, ಅಮ್ಮನಿಗೆ ನೀವೇ ಹೇಳ್ತೀರಾ?" ಅಂದ.

ಈಗ ನಿಜವಾದ ದಾರಿ ಹೇಳುತ್ತೇನೆ.

ಆಟಗಾರನನ್ನು ತೆಗೆದುಕೊಳ್ಳುವುದು ಕೋಚ್. ನಡುವೆ ಯಾರೂ ಗ್ಯಾರಂಟಿ ಕೊಡಲು ಆಗುವುದಿಲ್ಲ. ತುಂಬಾ ವರ್ಷ ಮೇಲಿನ ದರ್ಜೆಯ ಗಂಡುಮಕ್ಕಳ ಸಾಕರ್ ಟೀಮೊಂದಕ್ಕೆ 9.9 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ದುಡ್ಡು ಮಾತ್ರ ಕೊಡಲು ಅವಕಾಶ ಇತ್ತು. ಹತ್ತೂ ಇಲ್ಲ ನೋಡಿ. ಅದನ್ನು ಕೋಚ್ ಇಪ್ಪತ್ತೈದು ಮೂವತ್ತು ಹುಡುಗರಿಗೆ ಹಂಚುತ್ತಿದ್ದರು. ಒಬ್ಬನಿಗೆ ಅರ್ಧ, ಒಬ್ಬನಿಗೆ ಕಾಲು, ಒಬ್ಬನಿಗೆ ಪುಸ್ತಕದ ಖರ್ಚು. 2025ರಲ್ಲಿ ನಿಯಮ ಬದಲಾಯಿತು. ಹೊಸ ವ್ಯವಸ್ಥೆಗೆ ಒಪ್ಪಿದ ಕಾಲೇಜುಗಳು 28 ಆಟಗಾರರಿಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ, ಆದರೆ ಸ್ಕಾಲರ್‌ಶಿಪ್‌ಗೆ ಹಳೆಯ ಮಿತಿ ಇಲ್ಲ. ಮಿತಿ ಹೋಯಿತು ಅಂತ ದುಡ್ಡೇನೂ ಮರದಲ್ಲಿ ಬಿಡುವುದಿಲ್ಲ. ಪೂರ್ತಿ ಸ್ಕಾಲರ್‌ಶಿಪ್ ಇವತ್ತಿಗೂ ಅಪರೂಪ. ಮೂರನೇ ದರ್ಜೆಯ ಕಾಲೇಜುಗಳಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ಪೇ ಇಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್‌ನಲ್ಲೂ ಇಲ್ಲ. ಅಲ್ಲಿ ಮನೆಯ ಆದಾಯ ನೋಡಿ ಸಹಾಯ ಕೊಡುತ್ತಾರೆ. ಯಾರಾದರೂ "ಹಾರ್ವರ್ಡ್‌ನಲ್ಲಿ ಫುಟ್‌ಬಾಲ್ ಸ್ಕಾಲರ್‌ಶಿಪ್" ಅಂದರೆ ಅಲ್ಲೇ ಎದ್ದು ಬನ್ನಿ.

ನಿಮ್ಮ ಮಗ ಮಾಡಬೇಕಾದದ್ದು ಇಷ್ಟು. ಪ್ರತಿ ಕಾಲೇಜಿನ ಕ್ರೀಡಾ ವಿಭಾಗದ ವೆಬ್‌ಸೈಟಿನಲ್ಲಿ ಕೋಚ್‌ನ ಮೇಲ್ ವಿಳಾಸ ಇರುತ್ತದೆ. ಅವನೇ ಕೂತು ಬರೆಯಲಿ. ಎತ್ತರ, ತೂಕ, ಯಾವ ಜಾಗದಲ್ಲಿ ಆಡುತ್ತಾನೆ, ಹತ್ತನೇ ಕ್ಲಾಸಿನ ಮಾರ್ಕ್ಸ್, ಪಿಯುಸಿ ಮಾರ್ಕ್ಸ್. ಜೊತೆಗೆ ನಾಲ್ಕೈದು ನಿಮಿಷದ ವಿಡಿಯೋ. ಹಾಡು ಹಾಕಬೇಡ, ನಿಧಾನ ಮಾಡಿ ತೋರಿಸಬೇಡ ಅನ್ನಿ. ಒಂದು ಇಡೀ ಆಟದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಚೆಂಡು ಕಾಲಲ್ಲಿ ಇಲ್ಲದಾಗ ಹುಡುಗ ಎಲ್ಲಿ ನಿಂತಿರುತ್ತಾನೆ ಅಂತ ಕೋಚ್‌ಗಳು ನೋಡುತ್ತಾರೆ. ಮೊದಲ ಎರಡು ದರ್ಜೆಗೆ ಎನ್‌ಸಿಎಎ ಅರ್ಹತಾ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು, ಮಾರ್ಕ್ಸ್ ಕಾರ್ಡ್‌ಗಳು ಅಲ್ಲಿಗೆ ಹೋಗಬೇಕು. ಇದಕ್ಕೆಲ್ಲ ನಾಲ್ಕು ಲಕ್ಷ ಬೇಕಾಗಿಲ್ಲ. ಇನ್ನೊಂದು, ಪಿಯುಸಿ ಮುಗಿಸಿ ಸುಮ್ನೆ ಎರಡು ಮೂರು ವರ್ಷ ಕ್ಲಬ್ಬಿಗೆ ಆಡಿಕೊಂಡು ಕೂರುವುದು ಬೇಡ. ಆಡಲು ಸಿಗುವ ವರ್ಷಗಳು ಕರಗಿಹೋಗಬಹುದು.

ಮೊದಲೇ ದೊಡ್ಡ ಹೆಸರಿನ ಕಾಲೇಜು ಸಿಗದಿದ್ದರೆ ಎದೆ ಒಡೆದುಕೊಳ್ಳಬೇಡಿ. 2024ರ ಫೈನಲ್ ನಾನು ಇದೇ ಕ್ಯಾರಿಯಲ್ಲಿ ನೋಡಿದೆ. ಡಿಸೆಂಬರ್ 16, ಸೋಮವಾರ ರಾತ್ರಿ. ವರ್ಮಾಂಟ್ ಅನ್ನೋ ಸಣ್ಣ ರಾಜ್ಯದ ಟೀಮು, ಶ್ರೇಯಾಂಕವೂ ಇಲ್ಲ. ಎದುರಿಗೆ ಮಾರ್ಷಲ್. ಮೊದಲ ಗೋಲು ಮಾರ್ಷಲ್ ಹಾಕಿತು. ವರ್ಮಾಂಟ್ ಕೊನೆಯ ಹತ್ತು ನಿಮಿಷದಲ್ಲಿ ಸಮ ಮಾಡಿತು. ಹೆಚ್ಚುವರಿ ಸಮಯದಲ್ಲಿ ಮ್ಯಾಕ್ಸಿಮಿಲಿಯನ್ ಕಿಸೆಲ್ ಅನ್ನೋ ಜರ್ಮನಿಯ ಹುಡುಗ ಒಂದು ಉದ್ದನೆಯ ಚೆಂಡಿನ ಹಿಂದೆ ಓಡಿದ. ಬ್ಯಾಕ್ ಅವನ ಭುಜಕ್ಕೆ ಭುಜ ಕೊಟ್ಟು ಬಿದ್ದ. ಗೋಲಿ ಮುಂದೆ ಬಂದ, ಇವನು ಅವನನ್ನೂ ಸುತ್ತುಹಾಕಿ ಖಾಲಿ ಗೋಲಿಗೆ ಚೆಂಡು ತಳ್ಳಿದ. 2-1. ನನ್ನ ಪಕ್ಕದಲ್ಲಿ ಹಸಿರು ಟೋಪಿ ಹಾಕಿಕೊಂಡಿದ್ದ ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು, ನಾನು ಯಾರು ಅಂತಲೂ ಗೊತ್ತಿಲ್ಲದೆ. ಆ ಕಿಸೆಲ್ ಅಮೆರಿಕಕ್ಕೆ ಮೊದಲು ಬಂದಿದ್ದು ಎರಡನೇ ದರ್ಜೆಯ ಸ್ಲಿಪರಿ ರಾಕ್ ಅನ್ನೋ ಕಾಲೇಜಿಗೆ. ಅಲ್ಲಿಂದ ವರ್ಮಾಂಟ್‌ಗೆ.

ಕೊನೆಯದಾಗಿ, ಕಾಲೇಜು ಆರಿಸುವಾಗ ಮಗನನ್ನು ಒಂದು ಪ್ರಶ್ನೆ ಕೇಳಿ: ನಾಳೆ ಮೊಣಕಾಲು ಮುರಿದು ಆಟ ನಿಂತರೂ ಈ ಕಾಲೇಜಿನಲ್ಲಿ ಓದುತ್ತೀಯಾ? ಹೌದು ಅಂದರೆ ಕಳಿಸಿ.

*

ಪ್ರಶ್ನೆ: ಈ ಚಾಂಪಿಯನ್‌ಶಿಪ್ ಗೆದ್ದವರಲ್ಲಿ ನಿಮಗೆ ಯಾರು ಇಷ್ಟ? ಯಾಕೆ?
— ಮೈಸೂರಿನ ಎಂ.ಎ. ವಿದ್ಯಾರ್ಥಿನಿ

ಹವರ್ಡ್. ಯೋಚನೆ ಮಾಡಬೇಕಾಗಿಯೇ ಇಲ್ಲ.

ವಾಷಿಂಗ್ಟನ್‌ನಲ್ಲಿರುವ ಹವರ್ಡ್, ಕಪ್ಪು ಜನರ ಓದಿಗೆ ಅಂತ ಹುಟ್ಟಿದ ಹಳೆಯ ವಿಶ್ವವಿದ್ಯಾಲಯ. ಹಾರ್ವರ್ಡ್ ಬೇರೆ, ಇದು ಬೇರೆ. 1970ರ ಸುಮಾರಿಗೆ ಅಲ್ಲಿನ ಕೋಚ್ ಲಿಂಕನ್ ಫಿಲಿಪ್ಸ್. ಟ್ರಿನಿಡಾಡ್ ದೇಶಕ್ಕೆ ಆಡಿದ ಗೋಲಿ. ನಾನೂ ಗೋಲಿ ಆಗಿದ್ದರಿಂದ ಅವರ ಮೇಲೆ ಒಂದು ಕೈ ಪ್ರೀತಿ ಜಾಸ್ತಿ. ಟೀಮಿನಲ್ಲಿ ಇದ್ದವರು ಹೆಚ್ಚಾಗಿ ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ ಓದಲು ಬಂದ ಹುಡುಗರು. 1971ರಲ್ಲಿ ಮಯಾಮಿಯಲ್ಲಿ ನಡೆದ ಫೈನಲ್ಲಿನಲ್ಲಿ ಸೇಂಟ್ ಲೂಯಿಸನ್ನು 3-2ರಿಂದ ಸೋಲಿಸಿ ಕಪ್ ಗೆದ್ದರು. ಆಗ ಸೇಂಟ್ ಲೂಯಿಸ್ ಅಂದರೆ ಎಲ್ಲರಿಗೂ ಭಯ.

ಆಮೇಲೆ ವಿಚಾರಣೆ ಶುರುವಾಯಿತು. ಕೆಲವು ಆಟಗಾರರಿಗೆ ಅರ್ಹತೆ ಇರಲಿಲ್ಲ ಅಂತ ಎನ್‌ಸಿಎಎ ಹೇಳಿ ಆ ಕಪ್ಪನ್ನು ವಾಪಸ್ ತೆಗೆದುಕೊಂಡಿತು. ಆ ನಿಯಮಗಳಲ್ಲಿ ಒಂದು ವಿದೇಶಿ ವಿದ್ಯಾರ್ಥಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹತ್ತೊಂಬತ್ತು ತುಂಬಿದ ಮೇಲೆ ತನ್ನ ದೇಶದಲ್ಲಿ ಆಡಿದ ಒಂದೊಂದು ವರ್ಷವನ್ನೂ ಅವನಿಗೆ ಕಾಲೇಜು ಟೀಮಿನಲ್ಲಿ ಆಡಲು ಸಿಗಬೇಕಾದ ವರ್ಷಗಳಿಂದ ಕಳೆಯಬೇಕು. ಅದೇ ವಯಸ್ಸಿನ ಅಮೆರಿಕದ ಹುಡುಗ ತನ್ನ ಊರಿನಲ್ಲಿ ಆಡಿದ್ದರೆ ಲೆಕ್ಕಕ್ಕಿಲ್ಲ. ಹವರ್ಡ್ ಕೋರ್ಟಿಗೆ ಹೋಯಿತು. ಆ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ಕೋರ್ಟ್ ತೆಗೆದುಹಾಕಿತು. ಬೇರೆ ನಿಯಮಗಳು ಉಳಿದವು. ಕಪ್ ಮಾತ್ರ ವಾಪಸ್ ಬರಲಿಲ್ಲ.

1974ರಲ್ಲಿ ಅದೇ ಫಿಲಿಪ್ಸ್, ಹವರ್ಡ್ ಮತ್ತೆ ಫೈನಲ್ಲಿಗೆ ಬಂದರು. ಎದುರಿಗೆ ಮತ್ತೆ ಸೇಂಟ್ ಲೂಯಿಸ್. ಆಟ ನಡೆದದ್ದೂ ಸೇಂಟ್ ಲೂಯಿಸ್ ಊರಿನಲ್ಲೇ, ಬುಶ್ ಸ್ಟೇಡಿಯಂನಲ್ಲಿ. ಪ್ರೇಕ್ಷಕರೆಲ್ಲ ಎದುರಾಳಿಯ ಕಡೆ. ತೊಂಬತ್ತು ನಿಮಿಷಕ್ಕೆ 1-1. ನಾಲ್ಕನೇ ಹೆಚ್ಚುವರಿ ಅವಧಿಯಲ್ಲಿ ಹವರ್ಡ್ ಗೋಲು ಹಾಕಿತು. 2-1. ಆ ಇಡೀ ವರ್ಷ ಅವರು ಆಡಿದ್ದು 19 ಆಟ, ಗೆದ್ದದ್ದು 19. ಕಪ್ಪು ಜನರ ವಿಶ್ವವಿದ್ಯಾಲಯವೊಂದು ಎನ್‌ಸಿಎಎ ಮೇಲಿನ ದರ್ಜೆಯ ಚಾಂಪಿಯನ್ ಅಂತ ಪುಸ್ತಕದಲ್ಲಿ ಬರೆಸಿಕೊಂಡದ್ದು ಅದೇ ಮೊದಲು.

ವಿದೇಶಿ ಹುಡುಗರು ಬಂದು ನಮ್ಮ ಮಕ್ಕಳ ಜಾಗ ತೆಗೆದುಕೊಳ್ಳುತ್ತಾರೆ ಅನ್ನೋ ಮಾತು ಇವತ್ತಿಗೂ ಇಲ್ಲಿನ ಗ್ಯಾಲರಿಯಲ್ಲಿ ನನ್ನ ಕಿವಿಗೆ ಬೀಳುತ್ತದೆ. ಕೊರೊನಾದಿಂದ ಮುಂದೆ ಹೋಗಿ 2021ರ ಮೇನಲ್ಲಿ ನಡೆದ ಫೈನಲ್ಲಿನಲ್ಲೂ ಕೇಳಿದೆ. ವೆಸ್ಟ್ ವರ್ಜೀನಿಯಾದ ಮಾರ್ಷಲ್ ಟೀಮು, ಹೆಚ್ಚಿನವರು ಹೊರದೇಶದವರು. ಇಂಡಿಯಾನಾ ಮೇಲೆ ಹೆಚ್ಚುವರಿ ಸಮಯದಲ್ಲಿ ಇಂಗ್ಲೆಂಡಿನ ಜಮಿಲ್ ರಾಬರ್ಟ್ಸ್ ಗೋಲು ಹಾಕಿ 1-0 ಗೆಲ್ಲಿಸಿದ. ಆವತ್ತು ಆ ರಾಜ್ಯದಿಂದ ಬಂದಿದ್ದ ಜನ ಮೈದಾನದ ಬೇಲಿ ಹಿಡಿದುಕೊಂಡು ಆ ಹುಡುಗರ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದರು. ಉಚ್ಚಾರಣೆ ಸರಿಯಿರಲಿಲ್ಲ. ಆದರೂ ಕೂಗುತ್ತಿದ್ದರು. ನಾನೂ ಈ ದೇಶಕ್ಕೆ ಹೊರಗಿನಿಂದ ಬಂದವನು, ನನ್ನ ಹೆಸರನ್ನೂ ಇಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ಆ ಕೂಗು ನನಗೆ ಎಷ್ಟು ಹತ್ತಿರ ಅನ್ನಿಸಿತು ಅಂತ ನಿಮಗೆ ಅರ್ಥವಾಗಬಹುದು.

*

ಪ್ರಶ್ನೆ: ಅಂಕಲ್, ನಾನು ಒಂಬತ್ತನೇ ಕ್ಲಾಸ್. ಶಾಲೆ ಟೀಮಿಗೆ ಗೋಲಿ. ಹೋದ ವಾರ ಟೈಬ್ರೇಕರ್‌ನಲ್ಲಿ ಐದೂ ಗೋಲು ಬಿಟ್ಟೆ. ಈಗ ಯಾರೂ ನನ್ನ ಹತ್ತಿರ ಮಾತಾಡುತ್ತಿಲ್ಲ. ಅಲ್ಲಿನ ಕಾಲೇಜು ಗೋಲಿಗಳು ಪೆನಾಲ್ಟಿ ಹೇಗೆ ಹಿಡಿಯುತ್ತಾರೆ?
— ಮಂಗಳೂರಿನ ಹುಡುಗ

ಪುಟ್ಟಾ, ಅವರೂ ಜಾಸ್ತಿ ಬಿಡುತ್ತಾರೆ. 2019ರ ಫೈನಲ್ ಇಲ್ಲೇ ನೋಡಿದೆ. ಜಾರ್ಜ್‌ಟೌನ್ ಮತ್ತು ವರ್ಜೀನಿಯಾ, 3-3. ಟೈಬ್ರೇಕರ್ 7-6ಕ್ಕೆ ಹೋಯಿತು. ಅಂದರೆ ಇಬ್ಬರು ಗೋಲಿಗಳು ಸೇರಿ ಹದಿಮೂರು ಬಿಟ್ಟರು. ಮೂರು ವರ್ಷ ಆದಮೇಲೆ ಇದೇ ಮೈದಾನದಲ್ಲಿ ಸಿರಾಕ್ಯೂಸ್ ಇಂಡಿಯಾನಾವನ್ನು ಟೈಬ್ರೇಕರ್‌ನಲ್ಲಿ ಸೋಲಿಸಿತು, ಅದೂ 7-6. ಇನ್ನೊಂದು ಹದಿಮೂರು. ಅವರೆಲ್ಲ ದೇಶದಲ್ಲೇ ಒಳ್ಳೆಯ ಕಾಲೇಜು ಗೋಲಿಗಳು. ನೀನು ಐದು ಬಿಟ್ಟೆ. ಇದನ್ನು ನಿನ್ನ ಟೀಮಿನವರಿಗೆ ಓದಿ ಹೇಳು.

ಈಗ ಕೆಲಸದ ಮಾತು. ಚೆಂಡನ್ನು ನೋಡಬೇಡ, ಒದೆಯದ ಕಾಲನ್ನು ನೋಡು. ಬಲಗಾಲಿನಲ್ಲಿ ಒದೆಯುವವನು ಎಡಗಾಲನ್ನು ಚೆಂಡಿನ ಪಕ್ಕದಲ್ಲಿ ಊರುತ್ತಾನೆ. ಆ ಪಾದದ ತುದಿ ಯಾವ ಕಡೆಗೆ ತಿರುಗಿರುತ್ತದೋ ಚೆಂಡು ಬಹಳ ಸಲ ಅದೇ ಕಡೆಗೆ ಹೋಗುತ್ತದೆ. ಅವನು ಕಾಲು ಊರುವವರೆಗೂ ನೀನು ಬೀಳಬೇಡ. ಮುಂಚೆಯೇ ಬಿದ್ದರೆ ಅವನು ನೋಡಿಕೊಂಡು ಆ ಕಡೆ ಒದೆಯುತ್ತಾನೆ. ಒದೆಯುವ ಹೊತ್ತಿಗೆ ನಿನ್ನ ಒಂದು ಕಾಲಾದರೂ ಗೆರೆಯ ಮೇಲಿರಬೇಕು, ಇಲ್ಲದಿದ್ದರೆ ರೆಫ್ರಿ ಮತ್ತೆ ಒದೆಸುತ್ತಾನೆ. ಕೆಳಗಿನ ಚೆಂಡಿಗೆ ಕೈ ಮೊದಲು ಹೋಗಲಿ, ಮೈ ಆಮೇಲೆ. ಮೊಣಕೈ ನೆಲಕ್ಕೆ ಕುಟ್ಟಬಾರದು, ಪಕ್ಕೆ ಮತ್ತು ತೊಡೆಯ ಮೇಲೆ ಜಾರಿ ಬೀಳು. ಮೊದಲು ಮರಳಿನಲ್ಲಿ ಅಭ್ಯಾಸ ಮಾಡು. ನಿಮ್ಮೂರಲ್ಲಿ ಕಡಲು ಹತ್ತಿರ ಅಲ್ವಾ?

ಟೀಮಿನಲ್ಲಿ ಒಬ್ಬ ಗೆಳೆಯನಾದರೂ ಇರುತ್ತಾನೆ. ಅವನನ್ನು ದಿನಾ ಸಂಜೆ ಕರೆದುಕೊಂಡು ಹೋಗಿ ಇಪ್ಪತ್ತು ಪೆನಾಲ್ಟಿ ಒದೆಸು. ಎಷ್ಟು ಹಿಡಿದೆ, ಯಾವ ಕಡೆಯವು ತಪ್ಪಿದವು ಅಂತ ಒಂದು ಪುಸ್ತಕದಲ್ಲಿ ಬರೆದಿಡು. ಒಂದು ತಿಂಗಳಾದ ಮೇಲೆ ಆ ಪುಟದ ಫೋಟೋ ತೆಗೆದು ನನಗೆ ಕಳಿಸು. ಎಡಗಡೆ ಜಾಸ್ತಿ ತಪ್ಪುತ್ತಿದ್ದರೆ ಅದಕ್ಕೆ ಬೇರೆ ಅಭ್ಯಾಸ ಇದೆ, ಬರೆದು ಕಳಿಸುತ್ತೇನೆ.